ಹುಟ್ಟದೇ ಇರೋ ಮಗು ವಿಷ್ಯ ಆಮೇಲೆ, ಮೊದ್ಲು ನೀನು ತಿಂದ್ಯಾ?

"ಮಿಸ್, ನಾನು ಮದ್ವೆನೇ ಆಗಲ್ಲ. ಹಂಗಾದ್ರೆ ನಂಗೆ ಈ ಪಾಠ ಬೇಡ ಅಲ್ವಾ?"

ಹೈಸ್ಕೂಲ್ ಹುಡುಗೀರಿಗೆ ಪೌಷ್ಟಿಕತೆ ಬಗ್ಗೆ ಹೇಳಿಕೊಡೋಕೆ ಹೋಗಿದ್ದೆ, ನನ್ನ ಮೊದಲ್ನೇ ಕ್ಲಾಸಲ್ಲೇ ಬಂದ ಪ್ರಶ್ನೆ ಇದು. ಕೇಳಿದವಳಿಗೆ ಹದಿಮೂರೋ ಹದಿನಾಲ್ಕೋ ವಯಸ್ಸು, ಕೊನೇ ಬೆಂಚು, ಮುಖದಲ್ಲಿ ತರಲೆ ಏನೂ ಇರ್ಲಿಲ್ಲ, ನಿಜವಾಗ್ಲೂ ತಿಳ್ಕೊಳ್ಳೋಕೇ ಕೇಳಿದ್ಲು. ಅದಕ್ಕೆ ಮುಂಚೆ ನಲವತ್ತು ನಿಮಿಷ ನಾನು ಏನ್ ಮಾಡಿದ್ದೆ ಅಂದ್ರೆ, ಗೋಡೆ ಮೇಲೆ ಗರ್ಭಿಣಿ ಚಿತ್ರ, ಪಕ್ಕದಲ್ಲಿ ಕುಳ್ಳ ಮಗು ಉದ್ದ ಮಗು ಚಿತ್ರ ಅಂಟಿಸ್ಕೊಂಡು, ನಾಳೆ ನೀವೆಲ್ಲ ತಾಯಂದಿರಾಗೋರು, ನಿಮ್ಮ ಮಕ್ಕಳ ಬೆಳವಣಿಗೆ ಕುಂಠಿತ ಆಗ್ಬಾರ್ದು ಅಂದ್ರೆ ಇವತ್ತೇ ಸರಿಯಾಗಿ ತಿನ್ಬೇಕು ಅಂತ ಒಂದೇ ಸಮ ಕೊರೀತಿದ್ದೆ. ಮೂವತ್ತು ಹುಡುಗೀರು, ಅರ್ಧ ಜನ ನಾಚ್ಕೊಂಡು ತಲೆ ಬಗ್ಗಿಸಿದ್ರು, ಇನ್ನರ್ಧ ಜನ ಕಿಸಕ್ ಅಂತ ನಗ್ತಿದ್ರು. ಊಟದ ಬಗ್ಗೆ ಒಂದು ಮಾತೂ ಯಾರ ತಲೆಗೂ ಹೋಗಿರ್ಲಿಲ್ಲ ಅಂತ ಆ ಪ್ರಶ್ನೆ ಬಂದಾಗ ಗೊತ್ತಾಯ್ತು.

ನಾನು ಅವತ್ತು ಏನೋ ಹಾರಿಕೆ ಉತ್ತರ ಕೊಟ್ಟೆ. ಮನೆಗೆ ಬಂದ್ಮೇಲೆ ರಾತ್ರಿ ಎಲ್ಲಾ ಅದೇ ಕೊರೀತಿತ್ತು. ಯಾಕಂದ್ರೆ ಅವಳು ಕೇಳಿದ್ದು ಸರಿಯಾಗೇ ಇತ್ತು. ಅವಳನ್ನ ನಾನು ಒಬ್ಬ ಹುಡುಗಿ ಅಂತ ನೋಡಿರ್ಲಿಲ್ಲ, ಮುಂದೆ ಯಾವತ್ತೋ ಹುಟ್ಟೋ ಮಗುಗೆ ಒಂದು ಪಾತ್ರೆ ಅನ್ನೋ ಥರ ನೋಡಿದ್ದೆ.

ಹಂಗಂತ ನಾನು ಹೇಳಿದ ವಿಷ್ಯ ಸುಳ್ಳಲ್ಲ, ಅದೇ ತಮಾಷೆ. ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಮಕ್ಕಳ ಕುಂಠಿತ ಬೆಳವಣಿಗೆ ತಡೆಯೋಕೆ ಹೈಸ್ಕೂಲ್ ಹುಡುಗೀರ ಹತ್ರ ಯಾಕೆ ಹೋಗ್ತೀರಾ, ಚಿಕ್ಕ ಮಕ್ಕಳ ಹತ್ರ ಹೋಗಿ ಅಂತ ನಂಗೆ ಸುಮಾರು ಜನ ಹೇಳಿದಾರೆ.

ಈ ಕುಂಠಿತ ಬೆಳವಣಿಗೆಗೇ ಇಂಗ್ಲಿಷಲ್ಲಿ ಸ್ಟಂಟಿಂಗ್ ಅಂತಾರೆ, ಅಂದ್ರೆ ವಯಸ್ಸಿಗೆ ತಕ್ಕ ಎತ್ತರ ಇಲ್ದೇ ಇರೋದು. ಬರೀ ಕುಳ್ಳಗಿರೋದು ಅಂತ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಮಕ್ಕಳ ಬೆಳವಣಿಗೆಗೆ ಒಂದು ಅಳತೆಗೋಲು ಕೊಡ್ತು, ಅದರ ಮಧ್ಯದ ಗೆರೆಯಿಂದ ಎರಡು ಸ್ಟ್ಯಾಂಡರ್ಡ್ ಡೀವಿಯೇಷನ್‌ಗಿಂತ (ಮಕ್ಕಳ ಎತ್ತರದಲ್ಲಿ ಸಹಜವಾಗಿ ಇರೋ ಏರಿಳಿತದ ಅಳತೆ ಅದು) ಕೆಳಗೆ ಹೋದ್ರೆ ಸ್ಟಂಟೆಡ್ ಅಂತ ಲೆಕ್ಕ. ಆ ಅಳತೆಗೋಲು ಮಾಡೋಕೆ 1997ರಿಂದ 2003ರವರೆಗೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ ಅಂತ ಆರು ದೇಶಗಳಲ್ಲಿ ಸುಮಾರು 8500 ಮಕ್ಕಳನ್ನ ಅಳೆದ್ರು. ಎಲ್ರೂ ತಾಯಿ ಹಾಲು ಕುಡಿದು, ಚೆನ್ನಾಗಿ ತಿಂದು, ಒಳ್ಳೇ ವಾತಾವರಣದಲ್ಲಿ ಬೆಳೆದ ಮಕ್ಕಳು. ಅಳೆದು ನೋಡಿದ್ರೆ ಆರೂ ದೇಶದ ಮಕ್ಕಳು ಐದು ವರ್ಷದವರೆಗೆ ಹೆಚ್ಚೂಕಡಿಮೆ ಒಂದೇ ಥರ ಬೆಳೀತಾರೆ! ಅಪ್ಪ ಅಮ್ಮ ಕುಳ್ಳಗಿದ್ರೆ ಒಂದು ಮಗು ಕುಳ್ಳಗಿರಬಹುದು, ಅದು ಬೇರೆ. ಆದ್ರೆ ಒಂದು ಜಾಗದ ಮಕ್ಕಳೆಲ್ಲ ಸಾಲಾಗಿ ಕುಳ್ಳಗಿದ್ರೆ ಅದಕ್ಕೆ ವಂಶ ಅಂತ ಕಾರಣ ಹೇಳಿ ಕೈ ತೊಳ್ಕೊಳ್ಳೋ ಹಾಗಿಲ್ಲ.

2022ರ ಲೆಕ್ಕದಲ್ಲಿ ಜಗತ್ತಲ್ಲಿ ಐದು ವರ್ಷದೊಳಗಿನ ಸುಮಾರು 14.8 ಕೋಟಿ ಮಕ್ಕಳು ಹೀಗಿದ್ರು, ಅಂದ್ರೆ ನೂರಕ್ಕೆ 22 ಮಕ್ಕಳು. ಎತ್ತರ ಹೋದ್ರೆ ಹೋಯ್ತು ಬಿಡಿ ಅನ್ನೋಕಾಗಲ್ಲ, ಮೂಳೆಗೆ ಸಿಗದೇ ಇರೋ ಪೋಷಣೆ ಅದೇ ಹೊತ್ತಲ್ಲಿ ಮಿದುಳಿಗೂ ಸಿಕ್ಕಿರಲ್ಲ. ಕಲಿಯೋದು ನಿಧಾನ ಆಗತ್ತೆ, ಕಾಯಿಲೆ ಬೇಗ ಬೀಳ್ತಾರೆ, ದೊಡ್ಡವರಾದ್ಮೇಲೆ ಸಂಪಾದನೇನೂ ಕಡಿಮೆ. ಮತ್ತೆ ಎರಡು ವರ್ಷ ದಾಟಿದ್ಮೇಲೆ ಕಳ್ಕೊಂಡಿದ್ದನ್ನ ಪೂರ್ತಿ ವಾಪಸ್ ತರೋದು ಬಹಳ ಕಷ್ಟ. ಅದಕ್ಕೇ ಈ ಮೊದಲ ಸಾವಿರ ದಿನ ಅನ್ನೋ ಮಾತು ಬಂದಿದ್ದು, ಹೊಟ್ಟೇಲಿ 270 ದಿನ, ಹುಟ್ಟಿದ ಮೇಲೆ 730 ದಿನ.

ಈಗ ಕೇಳಿ. 2023ರಲ್ಲಿ ಯುನಿಸೆಫ್ ಒಂದು ವರದಿ ತಂತು, ಹುಡುಗೀರ ಮತ್ತೆ ಹೆಂಗಸರ ಪೋಷಣೆ ಬಗ್ಗೆ. ಎರಡು ವರ್ಷದೊಳಗೆ ಸ್ಟಂಟ್ ಆಗಿರೋ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಅದು ಆಗಿದ್ದು ಹೊಟ್ಟೆಯಲ್ಲಿದ್ದಾಗ ಇಲ್ಲಾ ಹುಟ್ಟಿದ ಮೊದಲ ಆರು ತಿಂಗಳಲ್ಲಿ ಅಂತ ಅದರಲ್ಲಿದೆ. ಅಂದ್ರೆ ಮಗು ಬಾಯಿಗೆ ಮೊದಲ ತುತ್ತು ಹೋಗೋಕೂ ಮುಂಚೆ, ಅಲ್ಲೀತನಕ ಅದರ ಊಟ ಪೂರ್ತಿ ಅಮ್ಮನ ಮೈಯಿಂದಾನೇ ಬರ್ಬೇಕು. ಅಮ್ಮನ ಮೈಯಲ್ಲಿ ಇಲ್ಲ ಅಂದ್ರೆ? ಗರ್ಭಿಣಿ ಅಂತ ಗೊತ್ತಾಗೋ ಹೊತ್ತಿಗೆ ಒಂದೂವರೆ ಎರಡು ತಿಂಗಳು ಕಳೆದಿರತ್ತೆ, ಎಷ್ಟೋ ಜನ ಡಾಕ್ಟರ್ ಹತ್ರ ಮೊದಲ್ನೇ ಸಲ ಹೋಗೋದೇ ಮೂರು ನಾಲ್ಕು ತಿಂಗಳಿಗೆ. ಮಗುವಿನ ಬೆನ್ನುಹುರಿ ಆಗೋ ಕೊಳವೆ ಮುಚ್ಕೊಳ್ಳೋದು ಗರ್ಭ ನಿಂತ 28 ದಿನದ ಆಸುಪಾಸಲ್ಲಿ, ಫೋಲಿಕ್ ಆ್ಯಸಿಡ್ ಅನ್ನೋ ಬಿ ವಿಟಮಿನ್ ಬೇಕಾಗಿದ್ದು ಆಗ, ಗರ್ಭಿಣಿ ಅಂತ ತಾಯಿಗೆ ಖಾತ್ರಿ ಆಗೋ ಹೊತ್ತಿಗೆ ಎಷ್ಟೋ ಸಲ ಆ ಕೆಲ್ಸ ಮುಗಿದೇ ಹೋಗಿರತ್ತೆ. ಇದು ಸ್ಟಂಟಿಂಗ್ ಅಲ್ಲ, ಬೇರೆ ತೊಂದ್ರೆ, ಆದ್ರೆ ಕಥೆ ಒಂದೇ, ಉಗ್ರಾಣ ಮೊದಲೇ ತುಂಬಿರ್ಬೇಕು.

ಆ ಉಗ್ರಾಣ ತುಂಬೋ ಕಾಲ ಯಾವುದು ಅಂತ ಹಿಂದೆ ಹಿಂದೆ ಹೋಗ್ತಾ ಹೋದ್ರೆ ಬಂದು ನಿಲ್ಲೋದು ಹತ್ತರಿಂದ ಹತ್ತೊಂಬತ್ತರ ಹುಡುಗಿ ಮುಂದೆ.

ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ಒಂದು ಅಧ್ಯಯನ ನಂಗೆ ಬಹಳ ಇಷ್ಟ. 1969ರಿಂದ 1977ರವರೆಗೆ ನಾಲ್ಕು ಹಳ್ಳೀಲಿ ಮಾಡಿದ್ದು. ಎರಡು ಹಳ್ಳೀಲಿ ಮಕ್ಕಳಿಗೂ ತಾಯಂದಿರಿಗೂ ಪ್ರೋಟೀನ್ ಇರೋ ಗಂಜಿ ಥರದ್ದು ಕೊಟ್ರು, ಇನ್ನೆರಡು ಹಳ್ಳೀಲಿ ಪ್ರೋಟೀನ್ ಇಲ್ದಿರೋ ಸಿಹಿ ಪಾನೀಯ. ಆಮೇಲೆ ಆ ಮಕ್ಕಳ ಬೆನ್ನು ಬಿಡದೆ ದಶಕಗಟ್ಟಲೆ ಹಿಂಬಾಲಿಸಿದ್ರು. ಹುಟ್ಟಿದ ಮೊದಲೆರಡು ವರ್ಷ ಗಂಜಿ ಸಿಕ್ಕ ಹುಡುಗ್ರಿಗೆ ದೊಡ್ಡವರಾದ್ಮೇಲೆ ಗಂಟೆಗೆ ಸಿಗೋ ಸಂಪಾದನೆ ಸುಮಾರು 46% ಜಾಸ್ತಿ ಇತ್ತು. ಎಲ್ರೂ ಹೇಳೋದು ಇದನ್ನೇ, ದುಡ್ಡಿನ ವಿಷ್ಯ ಅಲ್ವಾ. ನಂಗೆ ಅದಕ್ಕಿಂತ ಮುಖ್ಯ ಅನ್ಸಿದ್ದು ಇನ್ನೊಂದು, ಚಿಕ್ಕವರಿದ್ದಾಗ ಗಂಜಿ ಕುಡಿದ ಹುಡುಗೀರು ಮುಂದೆ ಹೆತ್ತ ಮಕ್ಕಳು ಕೂಡ ಹುಟ್ಟುವಾಗ ಹೆಚ್ಚು ತೂಕ ಇದ್ರು, ಎತ್ತರಾನೂ ಜಾಸ್ತಿ. ಹುಡುಗಿ ಕುಡಿದ ಗಂಜಿ ಇಪ್ಪತ್ತು ವರ್ಷ ಆದ್ಮೇಲೆ ಅವಳ ಮಗೂಗೆ ಮುಟ್ತು.

ಇದನ್ನೆಲ್ಲ ಓದ್ಕೊಂಡು ತಲೆ ತುಂಬ ತುಂಬ್ಕೊಂಡು ಹೋಗಿದ್ದೆ ನಾನು ಮೊದಲ್ನೇ ಕ್ಲಾಸಿಗೆ. ತಪ್ಪಾಗಿದ್ದು ಅಲ್ಲೇ. ವಿಜ್ಞಾನ ಹಿಂದಕ್ಕೆ ಹೋಗ್ತಾ ಹುಡುಗಿ ಹತ್ರ ಬರತ್ತೆ, ನಾನು ಆ ಹುಡುಗಿ ಮುಂದೆ ನಿಂತು ಅವಳನ್ನ ಬಿಟ್ಟು ಮತ್ತೆ ಮಗು ಕಡೆ ಓಡಿದ್ದೆ.

ಎರಡನೇ ಕ್ಲಾಸಿಗೆ ಗರ್ಭಿಣಿ ಚಿತ್ರ, ಮಗು ಚಿತ್ರ ಎಲ್ಲಾ ಮನೇಲೇ ಬಿಟ್ಟು ಬರೀ ಒಂದು ಅಳತೆ ಟೇಪ್ ತಗೊಂಡೋದೆ. ಗೋಡೆಗೆ ಅಂಟಿಸಿದೆ. ಯಾರ್ಯಾರಿಗೆ ಇನ್ನೂ ಉದ್ದ ಆಗ್ಬೇಕು ಅಂತ ಕೇಳಿದೆ ಅಷ್ಟೇ, ಎಲ್ಲಾ ಕೈ ಮೇಲೆ! ಆವಾಗ ಹೇಳಿದೆ, ಒಬ್ಬರ ಪೂರ್ತಿ ಎತ್ತರದಲ್ಲಿ ಹೆಚ್ಚೂಕಡಿಮೆ ಆರನೇ ಒಂದು ಭಾಗ ಹದಿಹರೆಯದಲ್ಲೇ ಬರತ್ತೆ, ತೂಕದಲ್ಲಂತೂ ಅರ್ಧದ ಹತ್ತಿರ. ಹುಡುಗೀರು ಅತೀ ಜೋರಾಗಿ ಬೆಳೆಯೋದು ಹನ್ನೊಂದು ಹನ್ನೆರಡರ ಆಸುಪಾಸಲ್ಲಿ, ಆ ಒಂದು ವರ್ಷದಲ್ಲೇ ಎಂಟು ಸೆಂಟಿಮೀಟರ್ ಬೆಳೀಬಹುದು. ಮತ್ತೆ ಇದನ್ನ ಹೇಳಿದಾಗ ಕ್ಲಾಸ್ ಪೂರ್ತಿ ಸೈಲೆಂಟ್ ಆಯ್ತು, ಮೊದಲ್ನೇ ಸಲ ಮುಟ್ಟಾಗೋ ಹೊತ್ತಿಗೆ ಆ ಜೋರು ಓಟ ಮುಗಿದಿರತ್ತೆ, ಆಮೇಲೆ ಸಾಮಾನ್ಯವಾಗಿ ಇನ್ನೊಂದು ಐದಾರು ಏಳು ಸೆಂಟಿಮೀಟರ್ ಅಷ್ಟೇ.

"ಮಿಸ್ ನಂಗೆ ಆಗಿ ಎರಡು ವರ್ಷ ಆಯ್ತು, ನಂದು ಮುಗೀತಾ?" ಅಂತ ಒಬ್ಬಳು ಅಳೋ ಥರ ಕೇಳಿದ್ಲು. ಇಂಥ ಕಡೆ ಹುಷಾರಾಗಿರ್ಬೇಕು. ಎತ್ತರದ ಬಾಗಿಲು ಸ್ವಲ್ಪ ಮುಚ್ತಾ ಬಂದಿರಬಹುದು, ಆದ್ರೆ ಮೂಳೆ ಗಟ್ಟಿಯಾಗೋದು ಇನ್ನೂ ನಡೀತಾನೇ ಇರತ್ತೆ, ಹುಡುಗೀರಲ್ಲಿ ಜೀವಮಾನದ ಮೂಳೆ ಗಟ್ಟಿತನದಲ್ಲಿ ಸುಮಾರು 90% ಹದಿನೆಂಟರೊಳಗೆ ಕೂಡಿರತ್ತೆ, ನಿಂಗಿನ್ನೂ ವರ್ಷಗಳಿವೆ ಅಂತ ಹೇಳಿದೆ. ಊಟ ಸಾಲದ ಹುಡುಗೀರಲ್ಲಿ ಮೈನೆರೆಯೋದೇ ತಡ ಆಗತ್ತೆ, ಮೈ ತಾನೇ ಕಾದು ನೋಡತ್ತೆ, ಬೆಳೆಯೋ ಕಾಲ ಸ್ವಲ್ಪ ಉದ್ದ ಆಗತ್ತೆ, ಅದೂ ಹೇಳಿದೆ. ಚಿಕ್ಕಂದಿನಲ್ಲಿ ತಪ್ಪಿದ್ದೆಲ್ಲ ವಾಪಸ್ ಬರತ್ತೆ ಅಂತ ಮಾತ್ರ ಹೇಳ್ಲಿಲ್ಲ, ಯಾಕಂದ್ರೆ ಬರಲ್ಲ, ಸ್ವಲ್ಪ ಬರಬಹುದು ಅಷ್ಟೇ. ಮಕ್ಕಳಿಗೆ ಸುಳ್ಳು ಸಮಾಧಾನ ಹೇಳಿದ್ರೆ ಆಮೇಲೆ ಸತ್ಯ ಹೇಳಿದ್ರೂ ನಂಬಲ್ಲ.

ಆ ದಿನದಿಂದ ಕ್ಲಾಸ್ ನನ್ನದಾಗಿ ಉಳೀಲಿಲ್ಲ, ಅವರದಾಯ್ತು.

ಅತೀ ಚೆನ್ನಾಗಿ ಆಗಿದ್ದು ರಕ್ತದ ಲೆಕ್ಕದ ಕ್ಲಾಸು. ರಕ್ತಹೀನತೆ ಅಂತ ಬೋರ್ಡ್ ಮೇಲೆ ಬರೆದ್ರೆ ಎಲ್ರೂ ಆಕಳಿಸ್ತಾರೆ, ನಾನು ಬರೀಲೇ ಇಲ್ಲ. ಬದಲಿಗೆ ಲೆಕ್ಕ ಮಾಡೋಣ ಬನ್ನಿ ಅಂದೆ. ಒಂದು ತಿಂಗಳ ಮುಟ್ಟಲ್ಲಿ ಸರಾಸರಿ 30ರಿಂದ 40 ಮಿಲಿಲೀಟರ್ ರಕ್ತ ಹೋಗತ್ತೆ. ಒಂದು ಮಿಲಿಲೀಟರ್ ರಕ್ತದಲ್ಲಿ ಹತ್ತಿರತ್ರ ಅರ್ಧ ಮಿಲಿಗ್ರಾಂ ಕಬ್ಬಿಣ. ಹಂಗಾದ್ರೆ ತಿಂಗಳಿಗೆ ಎಷ್ಟು ಹೋಯ್ತು? 15ರಿಂದ 20 ಮಿಲಿಗ್ರಾಂ. ಮೂವತ್ತು ದಿನಕ್ಕೆ ಹಂಚಿದ್ರೆ ದಿನಕ್ಕೆ ಅರ್ಧ ಮಿಲಿಗ್ರಾಂ ಮೇಲೆ. ಇದರ ಜೊತೆ ಚರ್ಮ, ಕರುಳಿನ ಮೂಲಕ ದಿನಾ ಸವೆಯೋದು ಸುಮಾರು ಒಂದು ಮಿಲಿಗ್ರಾಂ, ಅದು ಎಲ್ರಿಗೂ ಇರತ್ತೆ. ಬೆಳೀತಾ ಇರೋರಿಗೆ ಹೊಸ ರಕ್ತ ಹೊಸ ಮಾಂಸ ಕಟ್ಟೋಕೆ ಇನ್ನಷ್ಟು. "ಹಂಗಾದ್ರೆ ದಿನಾ ಎರಡು ಮಿಲಿಗ್ರಾಂ ತಿಂದ್ರೆ ಸಾಕಲ್ಲ ಮಿಸ್, ಅದೇನ್ ದೊಡ್ಡ ವಿಷ್ಯ" ಅಂದ್ಲು ಲೆಕ್ಕದಲ್ಲಿ ಚುರುಕಿರೋ ಒಬ್ಬಳು. ಅದಕ್ಕೇ ಕಾಯ್ತಿದ್ದೆ ನಾನು! ತಿಂದಿದ್ದೆಲ್ಲ ಮೈಗೆ ಹತ್ತಲ್ಲ ಕಣೆ, ಸೊಪ್ಪು ಕಾಳಿನ ಕಬ್ಬಿಣದಲ್ಲಿ ಎಷ್ಟೋ ಸಲ ಹತ್ತರಲ್ಲಿ ಒಂದು ಭಾಗಾನೂ ಒಳಗೆ ಹೋಗಲ್ಲ. ಮೀನು ಮಾಂಸದ್ದು ಸ್ವಲ್ಪ ಸಲೀಸು. ಅದಕ್ಕೇ ಅಮೆರಿಕದ ಶಿಫಾರಸಲ್ಲಿ 14ರಿಂದ 18ರ ಹುಡುಗಿಗೆ ದಿನಕ್ಕೆ 15 ಮಿಲಿಗ್ರಾಂ ಅಂತಿದೆ, ಅದೇ ವಯಸ್ಸಿನ ಹುಡುಗಂಗೆ 11. ಗರ್ಭಿಣಿ ಆದ್ರೆ 27.

"ಅಂದ್ರೆ ನಮಗೆ ಅಣ್ಣಂಗಿಂತ ಜಾಸ್ತಿ ಕೊಡ್ಬೇಕಾ?" ಅಂತ ಒಂದು ದನಿ ಬಂತು. ಹೌದು, ಕಬ್ಬಿಣಾಂಶದಲ್ಲಿ ಜಾಸ್ತೀನೇ ಬೇಕು ಅಂದೆ. ಅವತ್ತು ಸಾಯಂಕಾಲ ಎಷ್ಟು ಮನೇಲಿ ಜಗಳ ಆಯ್ತೋ ದೇವ್ರಿಗೇ ಗೊತ್ತು.

ಆಮೇಲೆ ಟೀ ವಿಷ್ಯ. ಊಟದ ಜೊತೆ ಇಲ್ಲಾ ಊಟ ಆದ ತಕ್ಷಣ ಟೀ ಕಾಫಿ ಕುಡಿದ್ರೆ ಸೊಪ್ಪು ಕಾಳಿನ ಕಬ್ಬಿಣ ಮೈಗೆ ಹತ್ತೋದು ತುಂಬ ಕಡಿಮೆ ಆಗತ್ತೆ, ಒಂದು ಗಂಟೆ ಬಿಟ್ಟು ಕುಡೀರಿ. ಹುಳಿ ಹಣ್ಣು, ನಿಂಬೆ ಥರ ವಿಟಮಿನ್ ಸಿ ಇರೋದು ಏನಾದ್ರೂ ಊಟದ ಜೊತೆ ಇದ್ರೆ ಹತ್ತೋದು ಜಾಸ್ತಿ. ಕಾಳು ನೆನೆಸಿ ಮೊಳಕೆ ಬರಿಸಿದ್ರೆ ಅದರಲ್ಲಿ ಕಬ್ಬಿಣ ಹಿಡ್ಕೊಂಡು ಕೂರೋ ಫೈಟೇಟ್ ಕಡಿಮೆ ಆಗತ್ತೆ. ಇದು ಮೂರೂ ಅವರಿಗೆ ಯಾಕೆ ಹಿಡಿಸ್ತು ಅಂದ್ರೆ ಇದಕ್ಕೆ ಯಾರ ಪರ್ಮಿಷನ್ನೂ ಬೇಡ, ದುಡ್ಡೂ ಜಾಸ್ತಿ ಬೇಡ, ಟೀ ಒಂದು ಗಂಟೆ ತಡ ಮಾಡೋದು ಅವರ ಕೈಲೇ ಇದೆ. ಮುಂದಿನ ವಾರ ಬಂದು ನಾಲ್ಕು ಜನ ನಾವು ಮಾಡಿದ್ವಿ ಅಂದ್ರು. ಸೊಪ್ಪು ತಿನ್ನಿ ಅಂತ ಹೇಳಿದ್ದನ್ನ ಎಷ್ಟು ಜನ ಮಾಡಿದ್ರಿ ಅಂತ ಕೇಳಿದೆ, ಒಬ್ರೂ ಇಲ್ಲ :)

ಮಾತ್ರೆ ವಿಷ್ಯಾನೂ ಇಲ್ಲೇ ಹೇಳ್ಬಿಡ್ತೀನಿ. ಮುಟ್ಟಾಗೋ ಹುಡುಗೀರು, ಹೆಂಗಸರಲ್ಲಿ ನೂರಕ್ಕೆ ಇಪ್ಪತ್ತು ಅಥವಾ ಜಾಸ್ತಿ ಜನಕ್ಕೆ ರಕ್ತಹೀನತೆ ಇರೋ ಕಡೆ ವಾರಕ್ಕೊಂದು ಸಲ 60 ಮಿಲಿಗ್ರಾಂ ಕಬ್ಬಿಣ, 2.8 ಮಿಲಿಗ್ರಾಂ ಫೋಲಿಕ್ ಆ್ಯಸಿಡ್ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತ್ತೆ. ನಮ್ಮ ಹುಡುಗೀರಿಗೂ ಸಿಗ್ತಿತ್ತು. ಆದ್ರೆ ತಗೊಳ್ತಿದ್ದೋರು ಕಡಿಮೆ, ಒಬ್ಬಳಂತೂ ಬ್ಯಾಗಿನ ಒಳಜೇಬಲ್ಲಿ ಸಾಲಾಗಿ ಕೂಡಿಟ್ಟಿದ್ಲು. ಯಾಕೆ ಅಂದ್ರೆ ಮಾತ್ರೆ ತಗೊಂಡ ಮಾರನೇ ದಿನ ಮಲ ಕಪ್ಪಗಾಯ್ತು, ಹೊಟ್ಟೆ ಒಳಗೆ ಏನೋ ಆಗೋಯ್ತು ಅಂತ ಹೆದರ್ಕೊಂಡು ನಿಲ್ಲಿಸಿಬಿಟ್ಟಿದ್ಲು, ಅಮ್ಮಂಗೂ ಹೇಳಿಲ್ಲ, ಯಾರಿಗೂ ಹೇಳಿಲ್ಲ. ಕಬ್ಬಿಣದ ಮಾತ್ರೆ ತಗೊಂಡ್ರೆ ಮಲ ಕಪ್ಪಗಾಗತ್ತೆ, ಏನೂ ತೊಂದ್ರೆ ಇಲ್ಲ, ವಾಕರಿಕೆ ಬಂದ್ರೆ ಖಾಲಿ ಹೊಟ್ಟೇಲಿ ಬೇಡ, ರಾತ್ರಿ ಊಟ ಆದ್ಮೇಲೆ ತಗೊ. ಎರಡು ವಾಕ್ಯ. ಮಾತ್ರೆ ಜೊತೆ ಈ ಎರಡು ವಾಕ್ಯ ಕೊಡೋಕೆ ಯಾರಿಗೂ ಪುರ್ಸೊತ್ತಿರ್ಲಿಲ್ಲ. ಪೌಷ್ಟಿಕತೆ ಪಾಠದಲ್ಲಿ ಅತೀ ಬೆಲೆಬಾಳೋ ಮಾತುಗಳು ಇಂಥವೇ, ಮಲದ ಬಣ್ಣದ ಮಾತು, ಪೋಸ್ಟರ್ ಮೇಲೆ ಯಾರೂ ಬರೆಯೋದಿಲ್ಲ.

ಈಗ ನಾನು ಮಾಡಿದ ಒಂದು ದೊಡ್ಡ ತಪ್ಪು. ಟೇಪಿನ ಆಟ ಅಷ್ಟು ಚೆನ್ನಾಗಿ ಆಯ್ತಲ್ಲ, ಅದೇ ಹುರುಪಲ್ಲಿ ಒಂದು ವಾರ ತೂಕದ ಮಿಷನ್ ತಗೊಂಡೋದೆ. ಎಲ್ಲರ ಎದುರಿಗೇ ಒಬ್ಬೊಬ್ಬರನ್ನ ಹತ್ತಿಸಿ ಜೋರಾಗಿ ನಂಬರ್ ಓದಿದೆ. ಯೋಚನೇನೇ ಮಾಡಿರ್ಲಿಲ್ಲ. ಸ್ವಲ್ಪ ದಪ್ಪ ಇರೋ ಒಬ್ಬ ಹುಡುಗಿ ಹತ್ತಿದಾಗ ಹಿಂದಿನಿಂದ ಯಾರೋ ಏನೋ ಅಂದ್ರು, ನಗು ಎದ್ದಿತು, ಅವಳೂ ನಕ್ಕಳು. ಮುಂದಿನ ವಾರ ಬರ್ಲಿಲ್ಲ. ಅದರ ಮುಂದಿನ ವಾರಾನೂ ಇಲ್ಲ. ಆಮೇಲೆ ಅವಳ ಗೆಳತಿ ಹೇಳಿದ್ಲು, ಬೆಳಗ್ಗೆ ತಿಂಡಿ ಬಿಟ್ಟಿದ್ದಾಳೆ ಮಿಸ್ ಅಂತ. ಚೆನ್ನಾಗಿ ತಿನ್ನಿ ಅಂತ ಹೇಳಿಕೊಡೋಕೆ ಹೋದವಳು ನಾನು ಒಂದು ಮಗು ಬಾಯಿಂದ ತಿಂಡಿ ಕಿತ್ಕೊಂಡ ಹಾಗಾಯ್ತು. ಅವಳ ಹತ್ರ ಹೋಗಿ ಕ್ಷಮೆ ಕೇಳಿದೆ, ನಿಜವಾಗ್ಲೂ ಕೇಳಿದೆ, ಅವಳಿಗೆ ಅದೇ ದೊಡ್ಡ ಆಶ್ಚರ್ಯ. ವಾಪಸ್ ಬಂದ್ಲು. ಅವತ್ತಿಂದ ತೂಕ ನೋಡೋದಿದ್ರೆ ಬಾಗಿಲು ಹಾಕಿ ಒಬ್ಬೊಬ್ಬರನ್ನೇ, ನಂಬರು ಅವಳಿಗೆ ಮಾತ್ರ. ಸಣ್ಣಗಾಗೋ ಹುಚ್ಚು ಈ ವಯಸ್ಸಲ್ಲಿ ಎಷ್ಟಿರತ್ತೆ ಅಂದ್ರೆ, ಪುಷ್ಟಿ ಅನ್ನೋ ಮಾತೇ ಕೆಲವರಿಗೆ ಬೈಗುಳ ಥರ ಕೇಳ್ಸತ್ತೆ. ದಪ್ಪ ಇರೋಳಿಗೆ ರಕ್ತ ಕಡಿಮೆ ಇರಲ್ಲ ಅನ್ನೋದೂ ತಪ್ಪು, ಚಿಪ್ಸು ಬಿಸ್ಕತ್ತು ಕೂಲ್‌ಡ್ರಿಂಕ್ಸ್‌ನಿಂದ ತೂಕ ಏರತ್ತೆ, ಕಬ್ಬಿಣ ಎಲ್ಲಿಂದ ಬರ್ಬೇಕು?

ತಟ್ಟೆ ವಿಷ್ಯಕ್ಕೆ ನಾನು ಪಿರಮಿಡ್ಡು ಗಿರಮಿಡ್ಡು ಎಲ್ಲಾ ಬಿಟ್ಟು ಎಣಿಸೋ ಆಟ ಮಾಡಿದೆ. ಹೆಂಗಸರ ಊಟದಲ್ಲಿ ಎಷ್ಟು ಬಗೆ ಇದೆ ಅಂತ ಅಳೆಯೋಕೆ ಹತ್ತು ಗುಂಪಿನ ಒಂದು ಲೆಕ್ಕ ಇದೆ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯವರು ಬಳಸೋದು. ಧಾನ್ಯ ಗೆಡ್ಡೆಗಳು ಒಂದು, ಬೇಳೆಕಾಳು ಒಂದು, ಬೀಜಗಳು, ಹಾಲಿನ ಪದಾರ್ಥ, ಮೀನು ಮಾಂಸ, ಮೊಟ್ಟೆ, ಕಡು ಹಸಿರು ಸೊಪ್ಪು, ವಿಟಮಿನ್ ಎ ಇರೋ ಹಳದಿ ಕೇಸರಿ ಬಣ್ಣದ ಹಣ್ಣು ತರಕಾರಿ, ಬೇರೆ ತರಕಾರಿ, ಬೇರೆ ಹಣ್ಣು. ನಿನ್ನೆ ಬೆಳಗ್ಗೆಯಿಂದ ಇವತ್ತು ಬೆಳಗ್ಗೆವರೆಗೆ ಇದರಲ್ಲಿ ಕನಿಷ್ಠ ಐದು ಬಂದಿದ್ಯಾ? ಅಸಲಿಗೆ ಇದನ್ನ ಮಾಡಿದ್ದು 15ರಿಂದ 49 ವಯಸ್ಸಿನ ಹೆಂಗಸರ ಗುಂಪುಗಳನ್ನ ಸರ್ವೆಯಲ್ಲಿ ಅಳೆಯೋಕೆ, ಒಬ್ಬೊಬ್ಬರಿಗೆ ಮಾರ್ಕ್ಸ್ ಕೊಡೋಕಲ್ಲ, ನಾನು ಆಟಕ್ಕೆ ಅಂತ ಎತ್ಕೊಂಡೆ. ಕೈಬೆರಳು ಹತ್ತು, ಗುಂಪು ಹತ್ತು, ಒಂದು ಕೈ ಪೂರ್ತಿ ಮಡಚಿದ್ರೆ ಪಾಸ್.

ಮೊದಲ್ನೇ ದಿನ ಎಲ್ರೂ ಎರಡು ಮೂರು ಬೆರಳಿಗೇ ನಿಂತ್ರು. ಅದರಲ್ಲೂ ಹೊಟ್ಟೆ ತುಂಬ ತಿಂದಿದ್ದೋರೇ ಜಾಸ್ತಿ. ಹೊಟ್ಟೆ ತುಂಬೋದು ಬೇರೆ, ಮೈ ತುಂಬೋದು ಬೇರೆ ಅಂತ ನಾನು ಹೇಳೋ ಅವಶ್ಯಕತೇನೇ ಬರ್ಲಿಲ್ಲ, ಮಡಚದೇ ಉಳಿದ ಬೆರಳುಗಳನ್ನ ಅವರೇ ನೋಡ್ಕೊಂಡು ಕೂತಿದ್ರು.

ಎರಡು ವಾರ ಆದ್ಮೇಲೂ ಎರಡು ಮೂರೇ. ನಂಗೆ ಸಿಟ್ಟು ಬಂತು, ಇಷ್ಟು ಹೇಳಿದ್ರೂ ಯಾಕೆ ಹಿಂಗೆ ಅಂತ ಸ್ವಲ್ಪ ಗಡಸಾಗೇ ಕೇಳಿದೆ. ಆವಾಗ ಒಬ್ಬಳು ಮೆತ್ತಗೆ ಅಂದ್ಲು, "ಮಿಸ್, ತರೋದು ಅಪ್ಪ, ಮಾಡೋದು ಅಮ್ಮ, ಬಡಿಸೋದು ಅಜ್ಜಿ. ನಾನು ತಟ್ಟೆ ತೊಳೀತೀನಿ ಅಷ್ಟೇ."

ಇದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ. ಈಗ್ಲೂ ಪೂರ್ತಿ ಇಲ್ಲ. ಹುಡುಗೀರಿಗೆ ಪೌಷ್ಟಿಕತೆ ಕಲಿಸೋ ಕಾರ್ಯಕ್ರಮಗಳೆಲ್ಲ ಎಡವೋದು ಇಲ್ಲೇ ಅಂತ ನನ್ನ ಅಭಿಪ್ರಾಯ, ತಿಳುವಳಿಕೆ ಅವಳಿಗೆ ಕೊಡ್ತೀವಿ, ಆದ್ರೆ ಮನೇಲಿ ದುಡ್ಡಿನ ಚೀಲಾನೂ ಸೌಟೂ ಎರಡೂ ಬೇರೆಯವರ ಕೈಲಿರತ್ತೆ. ಪರೀಕ್ಷೆ ಇಟ್ರೆ ಹುಡುಗೀರು ನೂರಕ್ಕೆ ತೊಂಬತ್ತು ತಗೋತಾರೆ, ಕಾರ್ಯಕ್ರಮ ಯಶಸ್ವಿ ಅಂತ ವರದಿ ಬರೀತಾರೆ, ತಟ್ಟೆ ಅದೇ ಇರತ್ತೆ. ಕೆಲವು ಮನೇಲಿ ನಿಜವಾಗ್ಲೂ ದುಡ್ಡಿರಲ್ಲ, ಅಲ್ಲಿ ಎಷ್ಟು ಪಾಠ ಮಾಡಿದ್ರೂ ಪಾಠ ಬೇಯಿಸಿ ತಿನ್ನೋಕಾಗಲ್ಲ, ಅಲ್ಲಿಗೆ ಬೇಕಾಗಿರೋದು ಆಹಾರ, ಶಾಲೇಲಿ ಒಂದು ಒಳ್ಳೇ ಊಟ. ಆದ್ರೆ ಇನ್ನು ಕೆಲವು ಮನೇಲಿ ಇರೋದೇ ಬೇರೆ ಥರ ಹಂಚಿಕೆ ಆಗ್ತಿರತ್ತೆ. ಜಗತ್ತಿನ ಎಷ್ಟೋ ಕಡೆ ಇದ್ದಂಗೇನೇ, ಮೊದಲು ಗಂಡಸರು, ಆಮೇಲೆ ಮಕ್ಕಳು, ಕೊನೇಗೆ ಹೆಂಗಸರು, ಅಷ್ಟೊತ್ತಿಗೆ ಪಾತ್ರೆ ತಳದಲ್ಲಿ ಸಾರಷ್ಟೇ ಉಳಿದಿರತ್ತೆ.

ಅದಕ್ಕೆ ಅಮ್ಮಂದಿರನ್ನ, ಅಜ್ಜೀರನ್ನ, ಬರೋದಾದ್ರೆ ಅಪ್ಪಂದಿರನ್ನ ಕರೆದ್ವಿ. ಭಾಷಣ ಮಾಡ್ಲಿಲ್ಲ, ಹುಡುಗೀರೇ ಅವರ ಹತ್ರ ಬೆರಳೆಣಿಸೋ ಆಟ ಆಡಿಸಿದ್ರು. ಅಮ್ಮಂದಿರಲ್ಲಿ ಎಷ್ಟೋ ಜನರದ್ದು ಮಕ್ಕಳಿಗಿಂತ ಕಡಿಮೆ ಬೆರಳು. ಒಬ್ಬ ಅಮ್ಮ ಎಣಿಸ್ತಾ ಎರಡನೇ ಬೆರಳಲ್ಲೇ ನಿಂತು "ನಾನು ನಿನ್ನೆ ಏನ್ ತಿಂದೆ ಅಂತಾನೇ ನೆನಪಾಗ್ತಿಲ್ಲ, ಎಲ್ರದ್ದೂ ನೆನಪಿದೆ" ಅಂದ್ರು. ಯಾರೂ ಮಾತಾಡ್ಲಿಲ್ಲ ಸ್ವಲ್ಪ ಹೊತ್ತು. ಬಂದಿದ್ದ ಮೂರು ಅಪ್ಪಂದಿರಲ್ಲಿ ಒಬ್ರು ಸೀದಾ ಕೇಳಿದ್ರು, ಎಲ್ಲಾ ತರೋಕಾಗಲ್ಲ, ಒಂದೇ ಒಂದು ಜಾಸ್ತಿ ತರೋದಾದ್ರೆ ಯಾವುದು ತರ್ಲಿ ಅಂತ. ಇಂಥ ಪ್ರಶ್ನೆ ನಂಗೆ ಬಹಳ ಇಷ್ಟ. ತಿನ್ನೋ ಅಭ್ಯಾಸ ಇದ್ರೆ ಮೊಟ್ಟೆ, ಇಲ್ದಿದ್ರೆ ಬೇಳೆಕಾಳನ್ನೇ ಈಗಿರೋದಕ್ಕಿಂತ ಗಟ್ಟಿಯಾಗಿ, ಜೊತೆಗೆ ಸೊಪ್ಪು, ಉಪ್ಪು ಮಾತ್ರ ಅಯೋಡಿನ್ ಇರೋದೇ ಆಗಿರ್ಲಿ ಅಂದೆ. ಬರ್ಕೊಂಡ್ರು, ಅಂಗೈ ಮೇಲೆ.

ಬೇಗ ಮದ್ವೆ, ಬೇಗ ಬಸುರಿ, ಇದರ ಬಗ್ಗೆ ಜಾಸ್ತಿ ಹೇಳಲ್ಲ, ಆದ್ರೆ ಬಿಡೋಕೂ ಆಗಲ್ಲ. ಇನ್ನೂ ಬೆಳೀತಾ ಇರೋ ಹುಡುಗಿ ಬಸುರಿ ಆದ್ರೆ ಅವಳ ಮೈಗೂ ಮಗುಗೂ ಒಂದೇ ತಟ್ಟೇಲಿ ಪೈಪೋಟಿ. ಬ್ರೆಜಿಲ್, ಗ್ವಾಟೆಮಾಲಾ, ಭಾರತ, ಫಿಲಿಪ್ಪೀನ್ಸ್, ದಕ್ಷಿಣ ಆಫ್ರಿಕಾ, ಈ ಐದು ದೇಶಗಳಲ್ಲಿ ಮಕ್ಕಳನ್ನ ವರ್ಷಗಟ್ಟಲೆ ಹಿಂಬಾಲಿಸಿ ನೋಡಿದಾಗ, 20-24ರ ತಾಯಂದಿರಿಗಿಂತ 19 ಅಥವಾ ಅದಕ್ಕೂ ಚಿಕ್ಕ ವಯಸ್ಸಿನ ತಾಯಂದಿರ ಮಕ್ಕಳಲ್ಲಿ ಕಡಿಮೆ ತೂಕದಲ್ಲಿ ಹುಟ್ಟೋದೂ, ಎರಡು ವರ್ಷಕ್ಕೆ ಕುಂಠಿತ ಆಗಿರೋದೂ ಜಾಸ್ತಿ ಇತ್ತು. ಹುಡುಗಿ ಸ್ಕೂಲಲ್ಲಿ ಇನ್ನೊಂದೆರಡು ವರ್ಷ ಕೂತ್ರೆ ಅದೂ ಪೌಷ್ಟಿಕತೆ ಕಾರ್ಯಕ್ರಮಾನೇ.

ಮಗು ವಿಷ್ಯ ಆಮೇಲೆ ಅಂತ ಹೇಳಿದ್ನಲ್ಲ, ಆ ಆಮೇಲೆ ಬಂದಿದ್ದು ಐದನೇ ತಿಂಗಳಿಗೆ. ನಾನು ಎತ್ತಿದ್ದಲ್ಲ. ಮೊದಲ್ನೇ ದಿನ ಮದ್ವೆನೇ ಆಗಲ್ಲ ಅಂದಿದ್ಲಲ್ಲ, ಅವಳೇ, ಅವಳಕ್ಕ ಬಾಣಂತನಕ್ಕೆ ಮನೆಗೆ ಬಂದಿದ್ಲಂತೆ, ಮಗುಗೆ ನಾಲ್ಕು ತಿಂಗಳು, ಅಜ್ಜಿ ನೀರು ಕುಡಿಸು ಅಂತಾರೆ, ಕುಡಿಸಬಹುದಾ ಮಿಸ್ ಅಂತ ಕೇಳಿದ್ಲು. ಆರು ತಿಂಗಳವರೆಗೆ ತಾಯಿ ಹಾಲು ಮಾತ್ರ, ನೀರೂ ಬೇಡ, ಹಾಲಲ್ಲೇ ನೀರಿದೆ. ಆರು ತುಂಬಿದ್ಮೇಲೆ ಮೆತ್ತಗೆ ಹಿಸುಕಿದ ಸ್ವಲ್ಪ ಗಟ್ಟಿ ಊಟ, ತಿಳಿನೀರು ಥರದ್ದಲ್ಲ, ಜೊತೆಗೆ ಎದೆಹಾಲು ಎರಡು ವರ್ಷ, ಬೇಕಿದ್ರೆ ಅದಕ್ಕಿಂತ ಮುಂದೇನೂ. "ಮತ್ತೆ ಅಕ್ಕಂಗೆ?" ಅಂದ್ಲು. ಅಕ್ಕ ಎಷ್ಟು ಬೆರಳು ಮಡಚ್ತಾಳೆ ಅಂತ ನೀನೇ ಕೇಳ್ಕೊಂಡು ಬಾ ಅಂದೆ. ಎರಡು ಅಂತೆ. ಬಾಣಂತಿಗೆ ಅದು ತಿನ್ಬಾರ್ದು ಇದು ತಿನ್ಬಾರ್ದು ಅಂತ. ಈ ಹುಡುಗಿ ಮನೇಲಿ ಅಜ್ಜಿ ಜೊತೆ ವಾದ ಮಾಡಿ ಮೂರಕ್ಕೆ ಏರಿಸಿದ್ದಾಳೆ, ನಾಲ್ಕನೇದಕ್ಕೆ ಮಾತುಕತೆ ನಡೀತಾ ಇದೆ.

ಕೆಲವರು ಕೇಳ್ತಾರೆ ಇಷ್ಟೆಲ್ಲ ಮಾಡಿದ್ರೆ ಸ್ಟಂಟಿಂಗ್ ನಿಲ್ಲತ್ತಾ ಅಂತ. ಕ್ಲಾಸೊಂದರಿಂದ ನಿಲ್ಲಲ್ಲ. ಕೈ ತೊಳೆಯೋದು ಕಲಿಸಿ, ಕಕ್ಕಸು ಕಟ್ಟಿಸಿ ಅಷ್ಟರಿಂದಲೇ ಮಕ್ಕಳು ಉದ್ದ ಆಗ್ತಾರಾ ಅಂತ ಬಾಂಗ್ಲಾದೇಶ, ಕೀನ್ಯಾ, ಜಿಂಬಾಬ್ವೆಯಲ್ಲಿ ದೊಡ್ಡ ಪ್ರಯೋಗಗಳೇ ಆದ್ವು, ಎತ್ತರಕ್ಕೆ ಏನೂ ಉಪಯೋಗ ಕಾಣ್ಲಿಲ್ಲ. ಬೇರೆ ಕಡೆ, ದೆಹಲಿಯಲ್ಲಿ 18ರಿಂದ 30ರ ಹೆಂಗಸರಿಗೆ ಬಸುರಿ ಆಗೋಕೂ ಮುಂಚಿಂದ ಶುರು ಮಾಡಿ, ಬಸುರಿಯಾದಾಗ, ಮಗುಗೆ ಎರಡು ವರ್ಷ ಆಗೋವರೆಗೂ ಆಹಾರ, ಆರೋಗ್ಯ, ಶುಚಿತ್ವ, ಮನಸ್ಸಿನ ಆರೈಕೆ ಎಲ್ಲಾ ಒಟ್ಟಿಗೆ ಕೊಟ್ಟಾಗ ಎರಡು ವರ್ಷದ ಮಕ್ಕಳಲ್ಲಿ ಕುಂಠಿತ ಬೆಳವಣಿಗೆ ಸುಮಾರು ಅರ್ಧಕ್ಕೆ ಇಳೀತು, 2022ರಲ್ಲಿ ಬಂದ ಫಲಿತಾಂಶ. ಒಂದೊಂದೇ ಎಳೆ ಹಿಡಿದು ಎಳೆದ್ರೆ ಬರಲ್ಲ, ಹಗ್ಗ ಬೇಕು. ನನ್ನ ಕ್ಲಾಸು ಅದರಲ್ಲಿ ಒಂದು ಎಳೆ, ಅಷ್ಟೇ ಅಂದ್ಕೊಂಡ್ರೆ ನಿದ್ದೆ ಚೆನ್ನಾಗಿ ಬರತ್ತೆ.

ಮುಂದಿನ ವಾರ ಕ್ಯಾಲ್ಸಿಯಂ. ಅಮೆರಿಕದ ಶಿಫಾರಸಿನ ಪ್ರಕಾರ 9ರಿಂದ 18ರವರಿಗೆ ದಿನಕ್ಕೆ 1300 ಮಿಲಿಗ್ರಾಂ ಬೇಕು, ಜೀವಮಾನದಲ್ಲಿ ಬೇರೆ ಯಾವ ವಯಸ್ಸಿಗೂ ಇದಕ್ಕಿಂತ ಜಾಸ್ತಿ ಹೇಳಿಲ್ಲ. ಒಬ್ಬಳು ಈಗ್ಲೇ ಎಚ್ಚರಿಕೆ ಕೊಟ್ಟಿದ್ದಾಳೆ, "ಹಾಲು ಕುಡಿ ಅಂತ ಮಾತ್ರ ಹೇಳ್ಬೇಡಿ ಮಿಸ್, ನಂಗೆ ಹೊಟ್ಟೆ ಉಬ್ಬರ್ಸತ್ತೆ, ಬೇರೆ ಏನಾದ್ರೂ ಹುಡ್ಕೊಂಡು ಬನ್ನಿ" ಅಂತ. ಮೊಸರು, ಎಳ್ಳು, ಮುಳ್ಳು ಸಮೇತ ತಿನ್ನೋ ಸಣ್ಣ ಮೀನು, ಇಲ್ಲೀತನಕ ಪಟ್ಟಿಗೆ ಬಂದಿದೆ. ಪಾಲಕ್ ಹಾಕಿದ್ದೆ, ಆಮೇಲೆ ಅದರಲ್ಲಿರೋ ಆಕ್ಸಲೇಟ್ ಅನ್ನೋ ಅಂಶ ಕ್ಯಾಲ್ಸಿಯಂ ಬಿಟ್ಟುಕೊಡಲ್ಲ ಅಂತ ನೆನಪಾಗಿ ಹೊಡೆದು ಹಾಕಿದೆ. ಬೇರೆ ಸೊಪ್ಪುಗಳನ್ನ ಒಂದೊಂದಾಗಿ ನೋಡ್ತಾ ಕೂತಿದೀನಿ.